ಸ್ಟಾಫಿಗೆ ಚೀಟಿ ಯಾಕ?

ಸಿಸ್ಟರ್ ಕೈಗಡಿಯಾರವನ್ನು ಉಲ್ಟಾ ಕಟ್ಟುತ್ತಿದ್ದರು. ಗಡಿಯಾರದ ಮುಖ ಮಣಿಕಟ್ಟಿನ ಒಳಗಡೆ, ಪಟ್ಟಿಯ ಕೊಂಡಿ ಹೊರಗಡೆ. ರೋಗಿಯ ನಾಡಿ ಹಿಡಿದಾಗ ಕೈ ತಿರುವದೆ ಸೆಕೆಂಡಿನ ಮುಳ್ಳು ಕಾಣಬೇಕು, ಅದಕ್ಕೆ. ಇಪ್ಪತ್ತಾರು ವರ್ಷ ಹಾಗೆ ಕಟ್ಟಿ ಕಟ್ಟಿ ಅಷ್ಟು ಜಾಗದ ಚರ್ಮ ಬೆಳ್ಳಗಾಗಿತ್ತು. ಯಾರಾದರೂ ಟೈಮು ಕೇಳಿದರೆ ಅಂಗೈ ಮೇಲೆ ಮಾಡಿ ನೋಡಿ ಹೇಳುತ್ತಿದ್ದರು. ಭಿಕ್ಷೆ ಬೇಡುವವರ ಹಾಗೆ ಕಾಣುತ್ತೀರಿ ಎಂದು ನಾನು ಕಾಡಿಸುತ್ತಿದ್ದೆ. "ಹೌದೋ ತಮ್ಮಾ, ಒಂದ ತಾಸು ನಿದ್ದಿ ಬೇಡಾಕತ್ತೀನಿ. ಹಾಕ್ತೀಯೇನು?" ಎಂದು ಅವರೂ ಬಿಡುತ್ತಿರಲಿಲ್ಲ.

ಕಳೆದ ಶ್ರಾವಣದಲ್ಲಿ ಬೇವೂರಿನಿಂದ ಅವರ ಅಣ್ಣ ಫೋನು ಮಾಡಿ, "ನಮ್ಮ ತಂಗಿ ಹೋದ್ಲರೀ" ಎಂದಾಗ ನನಗೆ ಮೊದಲು ನೆನಪಾದದ್ದು ಆ ಗಡಿಯಾರ. ಸಿಸ್ಟರ್ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಸಬೇಕಾದ ಜಾಗದಲ್ಲಿ ಅವರಿಗೆ ಬರೆಸಲು ಆಗದೇ ಹೋದ ಹೆಸರು ಅದು. ನಾನು ಈಗ ಬರೆದು ದೊಡ್ಡವನಾಗುವುದು ಬೇಡ. ದವಾಖಾನೆಯ ಹೆಸರೂ ಬೇಡ. ಹುನಗುಂದ, ಇಳಕಲ್ಲಿನ ಕಡೆಯ ಒಂದು ಸರಕಾರಿ ದವಾಖಾನೆ ಎಂದುಕೊಂಡರೆ ಸಾಕು.

ನಾನು ಅಲ್ಲಿ ಔಷಧಿ ಕೊಡುವವನು. ಕಾಗದದಲ್ಲಿ ಫಾರ್ಮಸಿಸ್ಟ್, ಊರ ಮಂದಿಯ ಬಾಯಲ್ಲಿ ಇವತ್ತಿಗೂ ಕಂಪೌಂಡರ್. ನನ್ನ ಕಿಟಕಿ ತೀರಾ ಚಿಕ್ಕದು, ಅದಕ್ಕೆ ಕಬ್ಬಿಣದ ಸರಳು. ಕೂತಲ್ಲಿಂದ ನನಗೆ ರೋಗಿಗಳ ಮುಖ ಕಾಣುವುದಿಲ್ಲ. ಒಂದು ಕೈ ಒಳಗೆ ಬರುತ್ತದೆ, ಅದರಲ್ಲಿ ಒಂದು ಚೀಟಿ ಇರುತ್ತದೆ, ನಾನು ಗುಳಿಗೆ ಕೊಡುತ್ತೇನೆ, ಕೈ ಹೊರಗೆ ಹೋಗುತ್ತದೆ. ಹೀಗಾಗಿ ಆ ಊರಿನ ಅರ್ಧ ಜನ ನನಗೆ ಕೈಯಿಂದಲೇ ಗೊತ್ತು. ಓದಲು ಬಾರದವರಿಗಾಗಿ ಗುಳಿಗೆಯ ಕವರಿನ ಮೇಲೆ ಪೆನ್ನಿನಿಂದ ಚಿತ್ರ ಬರೆಯುತ್ತೇನೆ. ಬೆಳಗಿನ ಗುಳಿಗೆಗೆ ಸೂರ್ಯ, ರಾತ್ರಿಯದಕ್ಕೆ ಅರ್ಧ ಚಂದ್ರ. ನನ್ನ ಅರ್ಧ ಚಂದ್ರ ಕುಡುಗೋಲಿನ ಹಾಗಿರುತ್ತದೆ ಎಂದು ಸಿಸ್ಟರ್ ನಗುತ್ತಿದ್ದರು.

ಸಿಸ್ಟರಿನ ರಾಜ್ಯ ಹೆರಿಗೆ ಕೋಣೆ. ಅವರ ದನಿ ಅಂಗಳದ ಬೇವಿನ ಮರದ ಕೆಳಗೆ ಕೂತವರಿಗೂ ಕೇಳುತ್ತಿತ್ತು. "ಏ ತಂಗೀ, ಒದರಬ್ಯಾಡ, ಒದರಿದ್ರ ಶಕ್ತಿ ಗಂಟಲಿಗೆ ಹೊಕ್ಕೈತಿ. ನನ್ನ ಮಾರಿ ನೋಡು. ನನ್ನ ಕೂಡ ಉಸುರು ಹಾಕು." ಬೈಯುತ್ತಲೇ ಬಸುರಿಯ ಹಣೆಯ ಬೆವರು ಒರೆಸುತ್ತಿದ್ದರು. ಮೊಮ್ಮಗಳು ಹುಟ್ಟಿದಳೆಂದು ಮುಖ ಗಂಟು ಹಾಕಿ ಕೂತ ಅತ್ತೆಯರಿಗೆ ಅವರ ಬಳಿ ಒಂದೇ ಮದ್ದಿತ್ತು. ಕೂಸನ್ನು ತಂದು ಸೀದಾ ಅತ್ತೆಯ ತೊಡೆಯ ಮೇಲೆ ಹಾಕಿ, "ಏನರ ಅನ್ರಿ ಅಮ್ಮಾರ, ಮೂಗ ಮಾತ್ರ ನಿಮ್ದ ಐತಿ" ಎನ್ನುವುದು. ಹುಟ್ಟಿದ ಕೂಸಿಗೆ ಮೂಗು ಎಲ್ಲಿ ಎಂದು ಹುಡುಕಬೇಕು, ಆದರೂ ಪ್ರತಿಯೊಬ್ಬ ಅತ್ತೆಯೂ ಬಗ್ಗಿ ನೋಡಿ ಕರಗುತ್ತಿದ್ದಳು. ಹಾಗೆ ಅವರು ಎಷ್ಟು ಮೂಗು ಹಂಚಿದರೋ ಲೆಕ್ಕವಿಲ್ಲ.

ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮಕ್ಕಳಿರಲಿಲ್ಲ. ಬೇವೂರಿನ ಅಣ್ಣ ಓದಿಸಿದ, ನೌಕರಿ ಸಿಕ್ಕಿತು, ಅಂದಿನಿಂದ ದವಾಖಾನೆಯ ಹಿಂದಿನ ಕ್ವಾರ್ಟರ್ಸೇ ಮನೆ. ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ನಿಂತೇ ತಿನ್ನುತ್ತಿದ್ದರು. ಕೂತರೆ ಯಾರಾದರೂ ಕರೆಯುತ್ತಾರಂತೆ. ಆರೋಗ್ಯ ಹೇಗಿದೆ ಎಂದು ಕೇಳಿದರೆ ಉತ್ತರ ಒಂದೇ: "ನನಗೇನಾಗೇತಿ?" ಅದನ್ನು ಅವರು ಜಗಳಕ್ಕೆ ಕರೆದಂತೆ ಹೇಳುತ್ತಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬೇರೆ ಕಡೆಯೂ ಇರಬಹುದು. ದವಾಖಾನೆಯಲ್ಲಿ ಕೆಲಸ ಮಾಡುವವರು ಚೀಟಿ ಮಾಡಿಸುವುದಿಲ್ಲ. ಊರ ಮಂದಿ ಬೆಳಿಗ್ಗೆ ಸಾಲಿನಲ್ಲಿ ನಿಂತು, ಹೆಸರು, ವಯಸ್ಸು, ಊರು ಬರೆಸಿ, ಚೀಟಿ ಹಿಡಿದು ಡಾಕ್ಟರ ಮುಂದೆ ಕೂರಬೇಕು. ನಾವು ಹಾಗಲ್ಲ. ಚಹಾ ಕುಡಿಯುವಾಗ ದೊಡ್ಡ ಡಾಕ್ಟರಿಗೆ "ಸರ, ಎದಿ ಉರಿತೈತ್ರಿ" ಎಂದರೆ, ಅವರು ಬಸಿಯಿಂದ ಬಾಯಿ ತೆಗೆಯದೇ ಗುಳಿಗೆಯ ಹೆಸರು ಹೇಳುತ್ತಾರೆ. ನನ್ನ ಕಿಟಕಿಗೆ ಬರುವುದೂ ಬೇಡ, ಹಿಂದಿನ ಬಾಗಿಲಿಂದ ಬಂದು ತಾವೇ ತೆಗೆದುಕೊಳ್ಳುತ್ತಾರೆ. ಹೊಸದಾಗಿ ಸೇರಿದವರು ಯಾರಾದರೂ ಚೀಟಿ ಹಿಡಿದು ಬಂದರೆ, "ಸ್ಟಾಫಿಗೆ ಚೀಟಿ ಯಾಕ?" ಎಂದು ನಾನೇ ಹರಿದು ಬುಟ್ಟಿಗೆ ಹಾಕುತ್ತಿದ್ದೆ. ಅದು ನಮ್ಮ ಮರ್ಯಾದೆ, ನಮ್ಮ ಪ್ರೀತಿ. ಅದರಿಂದ ನಮ್ಮಲ್ಲಿ ಯಾರನ್ನೂ ಯಾರೂ ಕೂರಿಸಿ, ಬಾಗಿಲು ಹಾಕಿ, "ಏನಾಗೇತಿ ಹೇಳು" ಎಂದು ಕೇಳಿದ್ದಿಲ್ಲ ಎನ್ನುವುದು ನನಗೆ ಬಹಳ ತಡವಾಗಿ ಹೊಳೆಯಿತು.

ತಿಂಗಳಿಗೊಮ್ಮೆ, ಮೊದಲ ಮಂಗಳವಾರ, ಬಾಗಲಕೋಟೆಯಿಂದ ಮನಸ್ಸಿನ ಡಾಕ್ಟರು ಬರುತ್ತಿದ್ದರು. ಅವತ್ತು ವರಾಂಡದಲ್ಲಿ ಬೇರೆ ಸಾಲು. ಆ ಸಾಲಿನವರಿಗೆ ನಮ್ಮೊಳಗೆ ಒಂದು ಹೆಸರಿತ್ತು: ಮಂಗಳವಾರದ ಮಂದಿ. ಆ ಹೆಸರು ಇಟ್ಟವನು ನಾನು. ಮೊದಲ ಸಲ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಆಮೇಲೆ ಅದು ನಿಂತುಬಿಟ್ಟಿತು. ಯಾರಾದರೂ ಕೆಲಸದಲ್ಲಿ ಮರೆತರೆ, ಸಿಟ್ಟು ಮಾಡಿದರೆ, ಸುಮ್ಮನೆ ಕೂತರೆ, "ಏನಲೇ, ಮಂಗಳವಾರದ ಮಂದಿ ಆದ್ಯೇನು?" ಎನ್ನುವುದು. ನನ್ನ ನಾಲಿಗೆ ಚುರುಕು ಎಂದು ನನಗೆ ಸೊಕ್ಕಿತ್ತು.

ಆ ಸಾಲಿನವರನ್ನು ಸಮಾಧಾನ ಮಾಡುತ್ತಿದ್ದವರು ಸಿಸ್ಟರ್. ಒಮ್ಮೆ ಇಳಕಲ್ಲಿನ ಒಬ್ಬ ನೇಕಾರ ಹೆಂಡತಿಯನ್ನು ಕರೆತಂದು, ಗುಳಿಗೆ ಬರೆದ ಕೂಡಲೇ ಎದ್ದು ನಿಂತ. "ಹುಚ್ಚರ ಗುಳಿಗಿ ನಮಗ ಬ್ಯಾಡ್ರಿ. ಆಕೀನ್ನ ತೌರಮನಿಗೆ ಬಿಟ್ಟ ಬರ್ತೇನಿ." ಸಿಸ್ಟರ್ ಅವನ ದಾರಿಗೆ ಅಡ್ಡ ನಿಂತರು. "ಯಣ್ಣಾ, ಮಗ್ಗದಾಗ ಎಳಿ ಸಿಕ್ಕಾದ್ರ ಏನ ಮಾಡ್ತಿ? ಸೀರಿ ಹರದ ಒಗಿತೀಯೇನು?" ಅವನು, "ಅದ ಹೆಂಗ್ರಿ? ಕುಂತ ಬಿಡಸ್ತೀವಿ" ಎಂದ. "ಇದೂ ಅಷ್ಟ. ಕುಂದರು." ಅವನು ಕೂತ. ಆ ಹೆಣ್ಣುಮಗಳು ಆರು ತಿಂಗಳಿಗೆ ತಾನೇ ಬಸ್ಸು ಹತ್ತಿ ಬಂದು ಗುಳಿಗೆ ಒಯ್ಯುವಂತಾದಳು. ಊರಿನವರಿಗೆ ಇಷ್ಟು ಚೆನ್ನಾಗಿ ಹೇಳಬಲ್ಲವರು ತಮಗೆ ಯಾಕೆ ಹೇಳಿಕೊಳ್ಳಲಿಲ್ಲ ಎಂದು ಕೇಳುವವರು ನಮ್ಮ ದವಾಖಾನೆಯ ಒಳಗಿನ ಕಥೆಯನ್ನೂ ಕೇಳಬೇಕು.

ಅದಕ್ಕೂ ಕೆಲವು ವರ್ಷ ಮುಂಚೆ ಒಬ್ಬ ಎಳೆಯ ನರ್ಸು ಮನಸ್ಸು ಸರಿಯಿಲ್ಲವೆಂದು ಬರೆದೇ ಒಂದು ತಿಂಗಳು ರಜೆ ಹಾಕಿದ್ದಳು. ಗುಣವಾಗಿ ಬಂದಳು. ಬಂದವಳ ಕೈಗೆ ಇಂಜೆಕ್ಷನ್ನಿನ ಟ್ರೇ ಕೊಡಲು ಯಾರೂ ತಯಾರಿರಲಿಲ್ಲ. ಆಕೆ ನಕ್ಕರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಸಿಟ್ಟಾದರೆ "ಗುಳಿಗಿ ತಗೊಂಡೀ ಇಲ್ಲವಾ?" ಎಂದು ಕೇಳುತ್ತಿದ್ದೆವು, ಅದೂ ಕಾಳಜಿಯ ದನಿಯಲ್ಲಿ. ನಾಲ್ಕೇ ತಿಂಗಳಲ್ಲಿ ಆಕೆ ವರ್ಗ ಮಾಡಿಸಿಕೊಂಡು ಹೋದಳು. ಸತ್ಯ ಹೇಳಬೇಕೆಂದರೆ, ಟ್ರೇ ಕೊಡದವರಲ್ಲಿ ಸಿಸ್ಟರೂ ಒಬ್ಬರು.

ನಂತರ ರೇಣವ್ವನ ಪ್ರಸಂಗ ನಡೆಯಿತು.

ರೇಣವ್ವ ರಾಮಥಾಳದ ಕಡೆಯ ಹೆಣ್ಣುಮಗಳು. ಮೂರನೆಯ ಹೆರಿಗೆ. ಬೆಳಿಗ್ಗೆ ಹತ್ತಕ್ಕೆ ಕೂಸು ಹುಟ್ಟಿತು, ಅದು ಅತ್ತಿತು, ಅದರ ಮೂಗಿನ ಮಾತೂ ಆಯಿತು. ಆಮೇಲೆ ತಾಯಿಯ ರಕ್ತ ನಿಲ್ಲಲಿಲ್ಲ. ಮಾಡಬೇಕಾದದ್ದನ್ನೆಲ್ಲ ಮಾಡಿ, ಬಾಗಲಕೋಟೆಗೆ ಒಯ್ಯಲು ಆಂಬುಲೆನ್ಸಿಗೆ ಹಾಕಿಕೊಂಡು ಸಿಸ್ಟರೇ ಜೊತೆಗೆ ಹೋದರು. ನಾಡಿ ಹಿಡಿದೇ ಕೂತಿದ್ದರಂತೆ, ಉಲ್ಟಾ ಗಡಿಯಾರ ನೋಡುತ್ತ. ಅಮೀನಗಡ ದಾಟಿದ ಮೇಲೆ ಆ ನಾಡಿ ಕೈಗೆ ಸಿಗಲಿಲ್ಲ. "ಸಿಸ್ಟರ್, ಕೈ ಬಿಡಬ್ಯಾಡ್ರಿ" ಎನ್ನುವುದೇ ರೇಣವ್ವನ ಕೊನೆಯ ಮಾತಾಗಿತ್ತು ಎಂದು ಆಂಬುಲೆನ್ಸಿನ ಡ್ರೈವರ್ ನನಗೆ ಹೇಳಿದ. ಸಿಸ್ಟರ್ ಯಾರಿಗೂ ಹೇಳಲಿಲ್ಲ.

ವಿಚಾರಣೆಯಾಯಿತು. ಮೇಲಿನಿಂದ ಬಂದವರು ಕಾಗದ ಪತ್ರ ನೋಡಿ, ಯಾರದೂ ತಪ್ಪಿಲ್ಲ ಎಂದು ಬರೆದು ಹೋದರು. ನಾವೆಲ್ಲ ಸಿಸ್ಟರಿಗೆ ಅದನ್ನೇ ಹೇಳಿದೆವು, ತಪ್ಪಿಲ್ಲವಲ್ಲ, ಮುಗಿಯಿತಲ್ಲ. ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ. ಅವರೂ, "ಡ್ಯೂಟಿ ಮಾಡ್ಕೋತ ಇರ್ರಿ ಸಿಸ್ಟರ್, ಮರ್ತು ಹೋಗ್ತೈತಿ" ಎಂದರು. ಸಿಸ್ಟರ್ ಮರುದಿನವೇ ಡ್ಯೂಟಿಗೆ ಬಂದರು. ಎಂಥ ಗಟ್ಟಿ ಹೆಣ್ಣುಮಗಳು ಎಂದು ನಾವು ಹೊಗಳಿದೆವು.

ಎರಡು ತಿಂಗಳು ಹೋಗುವಷ್ಟರಲ್ಲಿ ಅವರ ದನಿ ಬೇವಿನ ಮರದವರೆಗೆ ಬರುವುದು ನಿಂತಿತು. ಕೈ ತೊಳೆಯಲು ಹೋದವರು ನಲ್ಲಿಯ ಮುಂದೆ ನಿಂತೇ ಇರುತ್ತಿದ್ದರು. ರೊಟ್ಟಿ ಕಟ್ಟಿಕೊಂಡು ಬಂದದ್ದು ಹಾಗೇ ವಾಪಸು ಹೋಗುತ್ತಿತ್ತು. ಒಂದು ದಿನ ನನ್ನ ಹಿಂದಿನ ಬಾಗಿಲಿಗೆ ಬಂದು, "ತಮ್ಮಾ, ನಿದ್ದಿ ಬರವಲ್ದು. ಏನರ ಕೊಡೋ" ಎಂದರು. ನಾನು ಶಕ್ತಿಗುಳಿಗೆ ಕೊಟ್ಟೆ, ಜೊತೆಗೆ ನೆಗಡಿಯ ಗುಳಿಗೆ. ತಗೊಂಡರೆ ಮಂಪರು ಬರುತ್ತದಲ್ಲ. ಡಾಕ್ಟರು ಚಹಾದ ಹೊತ್ತಿನಲ್ಲಿ ಬಿಪಿ ಗುಳಿಗೆ ಹೇಳಿದರು. ಲ್ಯಾಬಿನ ಮಹಾಂತೇಶ ಬೆರಳಿಗೆ ಚುಚ್ಚಿ, "ಸಿಸ್ಟರ್, ನಿಮ್ಮ ರಕ್ತ ನಮ್ಮೆಲ್ಲಾರಕಿಂತ ಛಲೋ ಐತ್ರಿ" ಎಂದ. ಎಲ್ಲರೂ ಏನೋ ಒಂದು ಕೊಟ್ಟೆವು. ಎಲ್ಲವೂ ಚೀಟಿ ಇಲ್ಲದೆ.

ಈಗ ನನ್ನ ಮಾತಿಗೆ ಬರುತ್ತೇನೆ. ಇದನ್ನು ಬರೆಯದೆ ಉಳಿದದ್ದನ್ನೆಲ್ಲ ಬರೆದರೆ ಅದು ಸುಳ್ಳು.

ಮೊದಲ ಮಂಗಳವಾರದ ಹಿಂದಿನ ದಿನ. ನನ್ನ ಕೋಣೆಯಲ್ಲಿ ಮಹಾಂತೇಶ, ಕ್ಲಾರ್ಕು, ಇನ್ನಿಬ್ಬರು ಕೂತಿದ್ದರು. ಸಿಸ್ಟರ್ ಬಾಗಿಲ ಬಳಿ ನಿಂತು, ಗೋಡೆಗೆ ನೇತುಹಾಕಿದ ಕ್ಯಾಲೆಂಡರು ನೋಡುತ್ತ ಕೇಳಿದರು: "ತಮ್ಮಾ, ನಾಳೆ ಆ ಡಾಕ್ಟರ್ ಬರ್ತಾರಲಾ. ನಮ್ಮ ಸಂಬಂಧಿಕರಾಕಿ ಒಬ್ಬಾಕಿ ಅದಾಳ. ಹೆಸರ ಬರಸಲಾರದ ತೋರಸಾಕ ಬರ್ತೈತೇನು?"

ನಾನು ಗುಳಿಗೆ ಎಣಿಸುತ್ತಿದ್ದವನು ತಲೆ ಎತ್ತದೇ ಅಂದೆ: "ಯಾರ್ರಿ ಆ ಸಂಬಂಧಿಕರಾಕಿ? ನೀವ ಏನು? ಮಂಗಳವಾರದ ಮಂದಿಗೆ ಲೀಡರ್ ಇರಲಿಲ್ಲ ನೋಡ್ರಿ, ಈಗ ಆತು."

ಕೋಣೆ ನಗೆಯಿಂದ ತುಂಬಿತು. ಸಿಸ್ಟರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಸೆರಗಿನಿಂದ ಒರೆಸಿಕೊಂಡು, "ನನಗೇನಾಗೇತಿ?" ಎಂದು ಹೋದರು. ಆ ನಗೆ ನನಗೆ ಬಹುಮಾನ ಸಿಕ್ಕಂತೆ ಅನಿಸಿತ್ತು. ಬಹಳ ದಿನದ ಮೇಲೆ ಸಿಸ್ಟರನ್ನು ನಗಿಸಿದೆ ಎಂದು ಮನೆಗೆ ಹೋಗಿ ಹೆಂಡತಿಗೂ ಹೇಳಿದೆ.

ಅದರ ಮುಂದಿನ ಮೂರು ತಿಂಗಳು ಸಿಸ್ಟರ್ ತುಸು ಸುಧಾರಿಸಿದಂತೆ ಕಂಡರು. ರೊಟ್ಟಿ ಅರ್ಧವಾದರೂ ಹೊಟ್ಟೆಗೆ ಹೋಗುತ್ತಿತ್ತು. ಒಂದು ದಿನ ಹೆರಿಗೆ ಕೋಣೆಯಿಂದ ಬೈಗುಳ ಕೇಳಿಸಿದಾಗ ನಾವೆಲ್ಲ ಒಬ್ಬರನ್ನೊಬ್ಬರು ನೋಡಿ ಖುಷಿಪಟ್ಟೆವು. ಡ್ಯೂಟಿ ಮಾಡಿದರೆ ಮರೆತುಹೋಗುತ್ತದೆ ಎಂದ ಡಾಕ್ಟರ ಮಾತು ನಿಜವಾಯಿತು ಅಂದುಕೊಂಡೆವು.

ಆಗ ಬಾದಾಮಿಯ ಸರಕಾರಿ ದವಾಖಾನೆಯಲ್ಲಿ ನನ್ನ ಹಾಗೆ ಔಷಧಿ ಕೊಡುವವನೊಬ್ಬ ದೀರ್ಘ ರಜೆಯ ಮೇಲೆ ಹೋದ. ಒಂದು ಸೋಮವಾರ ಸಂಜೆ ಫೋನು ಬಂತು, ನಾಳೆಯಿಂದ ಹದಿನೈದು ದಿನ ನೀವು ಬಾದಾಮಿಗೆ ಹೋಗಿ ಎಂದು. ಸಿಸ್ಟರ್ ತಮ್ಮ ವಾರದ ರಜೆಯನ್ನು ಆ ಮಂಗಳವಾರಕ್ಕೆ ಇಟ್ಟುಕೊಂಡು, ಫೋನು ಬರುವ ಮೊದಲೇ ಬೇವೂರಿಗೆ ಹೊರಟುಹೋಗಿದ್ದರು. ನಾನು ಬಾದಾಮಿಗೆ ಹೋಗುವ ಸುದ್ದಿ ಅವರಿಗೆ ಗೊತ್ತಾಗುವ ಹಾಗೆಯೇ ಇರಲಿಲ್ಲ. ಮರುದಿನ ಮೂರನೆಯ ಮಂಗಳವಾರ. ಮನಸ್ಸಿನ ಡಾಕ್ಟರು ಬಾದಾಮಿಗೆ ಬರುವ ದಿನ ಅದು ಎಂದು ನನಗೂ ಅಲ್ಲಿ ಹೋದ ಮೇಲೆಯೇ ತಿಳಿದದ್ದು.

ಅಲ್ಲಿಯ ಕಿಟಕಿಯೂ ನಮ್ಮದರಂತೆ ಚಿಕ್ಕದು. ಹನ್ನೆರಡರ ಹೊತ್ತಿಗೆ ಒಂದು ಕೈ ಒಳಗೆ ಬಂತು. ಗಡಿಯಾರದ ಕೊಂಡಿ ಹೊರಗಡೆ ಇತ್ತು.

ಚೀಟಿ ತೆಗೆದುಕೊಂಡೆ. ಎರಡು ತಿಂಗಳಿಂದ ಬರುತ್ತಿದ್ದಾರೆ ಎಂದು ಅದರ ಮೇಲಿನ ತಾರೀಖುಗಳು ಹೇಳುತ್ತಿದ್ದವು, ಇದು ಮೂರನೆಯ ಸಲ. ವಯಸ್ಸು ನಲವತ್ತೆಂಟು, ಊರು ಬೇವೂರು. ಹೆಸರಿನ ಜಾಗದಲ್ಲಿ ರೇಣವ್ವ ಎಂದಿತ್ತು.

ನಮ್ಮ ದವಾಖಾನೆ ಬಿಟ್ಟು, ಗುರುತಿನವರು ಸಿಗದ ಊರು ಹುಡುಕಿ, ಎರಡು ಬಸ್ಸು ಬದಲಿಸಿ, ತಲೆ ತುಂಬ ಸೆರಗು ಹೊದ್ದು ಬಂದಿದ್ದರು. ಚೀಟಿ ಬರೆಯುವವರು ಹೆಸರು ಕೇಳಿದಾಗ ತಮ್ಮ ಹೆಸರು ಹೇಳಲು ಬಾಯಿ ಬರಲಿಲ್ಲ. ಬಂದದ್ದು ಆಕೆಯ ಹೆಸರು. ಬೇಕೆಂದು ಹೇಳಿದರೋ, ತಾನಾಗಿ ಬಂತೋ ನನಗೆ ಗೊತ್ತಿಲ್ಲ. ತಿಂಗಳಾನುಗಟ್ಟಲೆ ಬೇರೆ ಯಾವ ಹೆಸರೂ ಆ ಬಾಯಲ್ಲಿ ಇದ್ದಿರಲಿಕ್ಕಿಲ್ಲ.

ನಾನು ಬಗ್ಗಿ ಮುಖ ನೋಡಲಿಲ್ಲ. ನೋಡಿದರೆ ಅವರಿಗೆ ಅವಮಾನ ಎಂದುಕೊಂಡೆ. ಗುರುತು ಸಿಗದವನಂತೆ ಗುಳಿಗೆ ಎಣಿಸಿದೆ, ಕವರಿಗೆ ಹಾಕಿದೆ, ಕೈ ರೂಢಿಯಂತೆ ಕವರಿನ ಮೇಲೆ ಅರ್ಧ ಚಂದ್ರ ಬರೆಯಿತು. ಇಪ್ಪತ್ತಾರು ವರ್ಷ ಸಾವಿರಾರು ಮಂದಿಗೆ ಗುಳಿಗೆ ಹೇಳಿಕೊಟ್ಟ ಸಿಸ್ಟರಿಗೆ ಚಂದ್ರ! ನನ್ನ ದನಿ ನನಗೇ ಬೇರೆಯವರದು ಎನಿಸುತ್ತಿತ್ತು. "ರಾತ್ರಿ ಊಟ ಆದ ಮ್ಯಾಲೆ ಒಂದ ತಗೋಬೇಕ್ರೀ. ನಡಕ ಬಿಡಬಾರ್ದು."

ಆ ಕೈಯ ಹೆಬ್ಬೆರಳು ಕವರಿನ ಮೇಲಿನ ಚಂದ್ರನನ್ನು ಒಮ್ಮೆ ಸವರಿತು. ಆಮೇಲೆ, "ಆತ್ರಿ" ಎಂದರು. ಬರೇ ಅಷ್ಟು. ಕೈ ಕವರನ್ನು ಹಿಡಿದು ಹೊರಗೆ ಹೋಯಿತು. ಅಂಥ ಚಂದ್ರ ಬರೆಯುವವನು ಜಿಲ್ಲೆಯಲ್ಲಿ ಒಬ್ಬನೇ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹದಿನೈದು ದಿನ ಕಳೆದು ನಾನು ವಾಪಸು ಬಂದೆ. ಸಿಸ್ಟರ್ ಹಿಂದಿನ ಬಾಗಿಲಿಗೆ ಬಂದು ನಿಂತರು. ನನ್ನ ಮುಖವನ್ನೇ ನೋಡುತ್ತ ಕೇಳಿದರು: "ಬಾದಾಮ್ಯಾಗ ಬಿಸಲು ಭಾಳ ಇತ್ತೇನೋ ತಮ್ಮಾ?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಮಾತಿನ ಬಾಗಿಲನ್ನು ಅವರೇ ತೆರೆದಿದ್ದರು, ನಾನು ಒಳಗೆ ಕಾಲಿಡಬೇಕಿತ್ತು ಅಷ್ಟೇ. ಅಕ್ಕಾ, ನಾ ನೋಡಿದೆ, ಛಲೋ ಕೆಲಸ ಮಾಡ್ಯೀರಿ, ಗುಳಿಗೆ ಬಿಡಬ್ಯಾಡ್ರಿ, ಅವತ್ತು ನಾ ಅಂದದ್ದು ತಪ್ಪಾತು. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಕಪಾಟಿನ ಕಡೆ ತಿರುಗಿ, "ಹೌದ್ರಿ ಸಿಸ್ಟರ್, ಭಾಳ ಬಿಸಲು" ಎಂದೆ.

ಅವರು ತಲೆ ಆಡಿಸಿ ಹೋದರು. ಮುಂದಿನ ತಿಂಗಳ ಮೂರನೆಯ ಮಂಗಳವಾರ ಸಿಸ್ಟರ್ ರಜೆ ತೆಗೆದುಕೊಳ್ಳದೆ ಡ್ಯೂಟಿಯಲ್ಲಿದ್ದರು. ಅದರ ಮುಂದಿನ ತಿಂಗಳೂ ಇದ್ದರು. ಜಿಲ್ಲೆಯಲ್ಲಿ ಅವರು ಹುಡುಕಿಕೊಂಡಿದ್ದ ಒಂದೇ ಒಂದು ಜಾಗವನ್ನು ನಾನು ನೋಡಿ ಕೆಡಿಸಿದ್ದೆ. ನೋಡಿಯೂ ಮಾತಾಡದೆ ಇನ್ನೂ ಕೆಡಿಸಿದ್ದೆ.

ಕೈ ತೊಳೆಯುವುದು ಮತ್ತೆ ಶುರುವಾಯಿತು. ಒಂದು ಹೆರಿಗೆಯ ನಡುವೆ ಅವರು ಬಸುರಿಯ ಕೈ ಹಿಡಿದವರು ಬಿಡಲಿಲ್ಲವಂತೆ. ಕೂಸನ್ನು ಹಿಡಿಯಬೇಕಾದ ಹೊತ್ತು ಬಂದರೂ ಬಿಡಲಿಲ್ಲ, ಪಕ್ಕದ ನರ್ಸು ಬಂದು ಬಿಡಿಸಿದಳಂತೆ. ಏನೂ ಅನಾಹುತ ಆಗಲಿಲ್ಲ. ಆದರೆ ಸಿಸ್ಟರ್ ಹೆದರಿದರು. ಹೆರಿಗೆ ಕೋಣೆ ಬೇಡ, ಲಸಿಕೆ ಹಾಕುವ ಕಡೆ ಹಾಕಿ ಎಂದು ಅರ್ಜಿ ಬರೆಯಲು ಕ್ಲಾರ್ಕಿನ ಬಳಿ ಹೋದರು. ಕಾರಣದ ಸಾಲಿಗೆ ಬಂದು ಪೆನ್ನು ನಿಂತಿತು.

ಕ್ಲಾರ್ಕು ಪಾಪ, ಒಳ್ಳೆಯದಕ್ಕೇ ಹೇಳಿದ. "ಸೊಂಟ ನೋವು ಅಂತ ಬರೀರಿ ಸಿಸ್ಟರ್, ಎಲ್ಲಾರೂ ಅದನ್ನ ಬರೀತಾರ. ಬ್ಯಾರೆ ಏನರ ಬರದ್ರ ಬಾಗಲಕೋಟಿಗೆ ಡಾಕ್ಟರ ಬೋರ್ಡಿನ ಮುಂದ ಕರೀತಾರ. ಸರ್ವಿಸ್ ಪುಸ್ತಕದಾಗ ಕುಂತ ಬಿಡತೈತಿ ಅದು, ಸಾಯೂತನಕ ಹೋಗೂದಿಲ್ಲ."

ಸಿಸ್ಟರ್ ಸೊಂಟ ನೋವು ಎಂದು ಬರೆದರು. ಅರ್ಜಿ ಮೇಲೆ ಹೋಯಿತು. ಎಕ್ಸ್‌ರೇ ಮಾಡಿಸಿ ಕಳಿಸಿ ಎಂದು ವಾಪಸು ಬಂತು. ಮಾಡಿಸಿದರು. ಅವರ ಸೊಂಟದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಅರ್ಜಿ ಬಿದ್ದುಹೋಯಿತು. ಆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮಹಾಂತೇಶ, "ನೋಡ್ರಿ ಸಿಸ್ಟರ್, ಇನ್ನ ಇಪ್ಪತ್ತ ವರ್ಷ ಓಡ್ತೈತಿ ಗಾಡಿ" ಎಂದ. ಸಿಸ್ಟರ್, "ಹೌದಪಾ, ನನಗೇನಾಗೇತಿ?" ಎಂದರು. ಈ ಸಲ ಅದು ಜಗಳಕ್ಕೆ ಕರೆದಂತೆ ಇರಲಿಲ್ಲ. ಯಾರಾದರೂ ಹೇಳಿ ಎಂದು ಕೇಳಿದಂತಿತ್ತು. ಮರುತಿಂಗಳು ಸ್ವಇಚ್ಛೆಯ ನಿವೃತ್ತಿಗೆ ಬರೆದುಕೊಟ್ಟರು.

ಬೀಳ್ಕೊಡುಗೆ ಚೆನ್ನಾಗಿಯೇ ಮಾಡಿದೆವು. ಹಾರ, ಶಾಲು, ಒಂದು ಇಳಕಲ್ ಸೀರೆ. ಮಾತಾಡಿದವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿದರು, ಇಷ್ಟು ವರ್ಷದ ಸೇವೆಯಲ್ಲಿ ಒಂದೇ ಒಂದು ದಿನ ಕಾಯಿಲೆಯ ರಜೆ ಹಾಕದ ಸಿಸ್ಟರ್ ಎಂದು. ಪ್ರತಿ ಸಲ ಚಪ್ಪಾಳೆ ಬಿತ್ತು. ನಾನೂ ಎದ್ದು ಅದನ್ನೇ ಹೇಳಿ ಕೂತೆ. ಸಿಸ್ಟರ್ ಮೈಕಿನ ಮುಂದೆ ನಿಂತು ಅಂಗೈ ತಿರುವಿ ಟೈಮು ನೋಡಿದರು. "ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರ್ರಿ" ಎಂದಷ್ಟೇ ಹೇಳಿ ಕೆಳಗಿಳಿದರು.

ಬೇವೂರಿಗೆ ಹೋಗಿ ನೋಡಿ ಬರಬೇಕು ಎಂದು ನಾವು ಪ್ರತಿ ವಾರ ಅಂದುಕೊಂಡೆವು. ಯಾರೂ ಹೋಗಲಿಲ್ಲ. ಒಂಬತ್ತು ತಿಂಗಳಾದ ಮೇಲೆ ಆ ಫೋನು ಬಂತು.

ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ಮೂರು ದಿನವಾಗಿತ್ತು. ಅಣ್ಣ ಪಡಸಾಲೆಯಲ್ಲಿ ಕೂರಿಸಿ, ಹಣೆಯ ವಿಭೂತಿ ಕಣ್ಣಿಗಿಳಿಯುವಂತೆ ಮುಖ ಒರೆಸಿಕೊಂಡು ಹೇಳಿದ. "ಏನಂತ ಹೇಳಲ್ರಿ. ಉಣ್ಣೂದ ಬಿಟ್ಟಿದ್ಲು. ಒಳಗಿನ ಖೋಲಿ ಬಿಟ್ಟ ಹೊರಗ ಬರ್ತಿರಲಿಲ್ಲ. ದವಾಖಾನಿಗೆ ನಡಿ ಅಂದ್ರ, ಯಣ್ಣಾ ಅಲ್ಲೆ ಎಲ್ಲಾರೂ ನನ್ನ ಗುರುತಿನವರ ಅದಾರ, ಬ್ಯಾಡ ಅಂತಿದ್ಲು. ಗುರುತಿನವರ ಇದ್ರ ಛಲೋ ಅಲ್ಲೇನ್ರಿ? ನನಗ ತಿಳೀಲೇ ಇಲ್ಲ." ಕೊನೆಗೆ ನಾಲ್ಕು ದಿನದ ಒಂದು ಜ್ವರ ನೆಪವಾಯಿತಂತೆ. ಸೋತ ಮೈ ತಡೆಯಲಿಲ್ಲ.

ಅವರ ಗಡಿಯಾರ ಅಣ್ಣನ ಮಗಳ ಕೈಯಲ್ಲಿತ್ತು. ಆಕೆ ಸೀದಾ ಕಟ್ಟಿದ್ದಳು.

ಹೊರಡುವಾಗ ಅಣ್ಣ ಒಳಗಿನಿಂದ ಒಂದು ಕವರು ತಂದ. "ಆಕಿ ಟ್ರಂಕಿನ್ಯಾಗ ಇತ್ತು. ಗುಳಿಗಿ ಇದ್ದಂಗ ಅದಾವು. ನಿಮ್ಮ ದವಾಖಾನಿದ ಇರಬೇಕು, ಒಯ್ರಿ." ಕವರಿನ ಬಾಯಿಯನ್ನು ನಾನು ಅಂದು ಹೇಗೆ ಮಡಚಿ ಪಿನ್ನು ಹೊಡೆದಿದ್ದೆನೋ ಹಾಗೇ ಇತ್ತು. ಒಂದು ಗುಳಿಗೆಯೂ ತೆಗೆದಿರಲಿಲ್ಲ. ಮೇಲೆ ನನ್ನ ಕೈಯ ಅರ್ಧ ಚಂದ್ರ, ಕುಡುಗೋಲಿನಂಥದು. ಆ ಮನೆಯ ಕಟ್ಟೆಯ ಮೇಲೆ ಕೂತು ನಾನು ಅತ್ತೆ. ಅಣ್ಣ ನನ್ನ ಬೆನ್ನ ಮೇಲೆ ಕೈಯಿಟ್ಟು, "ಭಾಳ ಹಚಗೊಂಡಿದ್ರಿ ಅಂತ ಕಾಣಸ್ತೈತಿ" ಎಂದು ನನ್ನನ್ನೇ ಸಮಾಧಾನ ಮಾಡಿದ. ಅದಕ್ಕಿಂತ ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಬಂದ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಕಿಟಕಿಯಲ್ಲಿ ಯಾವ ಕೈ ಬಂದರೂ ಮೊದಲು ಮಣಿಕಟ್ಟು ನೋಡುತ್ತೇನೆ. ಎಣಿಸಿದ ಗುಳಿಗೆಯನ್ನೇ ಮತ್ತೆ ಎಣಿಸುತ್ತೇನೆ. ಚಹಾದ ಹೊತ್ತಿನಲ್ಲಿ ದೊಡ್ಡ ಡಾಕ್ಟರು ನನ್ನನ್ನು ನೋಡಿ, "ಯಾಕೋ ಸಪ್ಪಗ ಆಗೀರಿ, ಬಿಪಿ ಗುಳಿಗಿ ಸುರು ಮಾಡ್ರಿ" ಎಂದರು. ನಾನು ಸುಮ್ಮನೆ ತಲೆಯಾಡಿಸಿದೆ. ಗುಳಿಗೆ ತೆಗೆದುಕೊಳ್ಳಲಿಲ್ಲ.

ಹೋದ ತಿಂಗಳ ಮೊದಲ ಮಂಗಳವಾರ ಕಿಟಕಿ ಮುಚ್ಚಿ, ಹೊರಗಿನಿಂದ ಸುತ್ತಿ ಬಂದು, ವರಾಂಡದ ಸಾಲಿನ ಕೊನೆಗೆ ನಿಂತೆ. ನನ್ನ ಮುಂದೆ ಮುದುಕಿಯೊಬ್ಬಳು ಇದ್ದಳು. "ಕಂಪೌಂಡರ ಸಾಹೇಬ್ರ, ನೀವ್ಯಾಕ ಇಲ್ಲಿ? ಮುಂದ ಹೋಗ್ರಿ" ಎಂದು ಜಾಗ ಬಿಟ್ಟಳು. "ಇಲ್ಲವಾ, ನಂದೂ ಪಾಳಿ ಐತಿ" ಎಂದೆ. ಅರ್ಧ ತಾಸಿನ ಮೇಲೆ ಚೀಟಿ ಬರೆಯುವ ಮೇಜು ಮುಟ್ಟಿದೆ. ಅಲ್ಲಿ ಕೂತ ಹೊಸ ಹುಡುಗಿ ಗಾಬರಿಯಾಗಿ ಎದ್ದು ನಿಂತಳು.

"ಸರ, ಸ್ಟಾಫಿಗೆ ಚೀಟಿ ಯಾಕ್ರೀ?"

"ಬರಿಯವಾ."

"ಹೆಸರು?" ಎಂದಳು, ಗೊತ್ತಿದ್ದರೂ.

ನಾಲಿಗೆ ಚುರುಕಿನವ ನಾನು. ನನ್ನ ಅಪ್ಪನ ಹೆಸರು ಬಾಯಿಗೆ ಬಂತು, ಮಾವನ ಹೆಸರು ಬಂತು. ನನ್ನದು ಎಲ್ಲಕ್ಕಿಂತ ಕೊನೆಗೆ ಬಂತು. ಹೇಳಿದೆ. ಆಕೆ ಬರೆದಳು.

ಅಷ್ಟರಲ್ಲಿ ಲ್ಯಾಬಿನ ಬಾಗಿಲು ತೆರೆಯಿತು. ಮಹಾಂತೇಶ ನನ್ನನ್ನು ನೋಡಿದ, ನನ್ನ ಕೈಯ ಚೀಟಿ ನೋಡಿದ, ನಾನೇ ಕಲಿಸಿದ ಮಾತನ್ನು ವರಾಂಡ ತುಂಬ ಕೇಳುವಂತೆ ಕೂಗಿದ: "ಏನಲೇ, ನೀನೂ ಮಂಗಳವಾರದ ಮಂದಿ ಆದ್ಯೇನು?"

ಒಳಗಿನಿಂದ ನಾಲ್ಕಾರು ಮಂದಿ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆದರೆ ಸಾಲು ಬಿಡಲಿಲ್ಲ.